ಹುರಿದ ಹಿಟ್ಟು, ಮುಚ್ಚಿದ ಬಾಯಿ

ವೀರಣ್ಣ ಮತ್ತೆ ಬಾಯಿ ಮುಚ್ಚಿದ. ಗುರುದೇವಿ ತುಂಬಿದ ಚಮಚ ಹಿಡಿದು ಗಂಡನ ತುಟಿಯ ಹತ್ತಿರ ಎಷ್ಟು ಹೊತ್ತು ಕೂತಿದ್ದಳೋ, ಮೊಣಕೈ ಸೋತಾಗಲೇ ಅವಳಿಗೆ ಎಚ್ಚರವಾದದ್ದು.

“ಒಂದ ತುತ್ತ ತಗೋರಿ,” ಅಂದಳು. “ನನ್ನ ಸಲುವಾಗಿ ಬ್ಯಾಡ, ಮಗಳ ಸಲುವಾಗಿ ತಗೋರಿ.”

ವೀರಣ್ಣ ಎಡಗೈಯಿಂದ ಚಮಚವನ್ನು ದಬ್ಬಿ ಮುಖವನ್ನು ಕಿಟಕಿಯತ್ತ ತಿರುಗಿಸಿದ. ಕೆಳಗೆ ಲಂಡನ್ನಿನ ಕಿಂಗ್ಸ್‌ಬರಿಯ ಬಸ್ಸುಗಳು ಓಡಾಡುತ್ತಿದ್ದವು. ಅಂಥ ಬಸ್ಸುಗಳನ್ನು ತೊಳೆಯುವ ಕೆಲಸದಿಂದ ಶುರು ಮಾಡಿ, ಅವುಗಳ ಎಂಜಿನ್ ಬಿಚ್ಚಿ ಜೋಡಿಸುವ ಮೆಕ್ಯಾನಿಕ್ಕಾಗಿ ನಿವೃತ್ತನಾದ ಮನುಷ್ಯ ಅವನು. ಯುಗಾದಿ ಮುಗಿದ ವಾರ ಲಕ್ವ ಹೊಡೆದು ಬಲಗಡೆಯ ಕೈಕಾಲು ಬಿದ್ದುಹೋದವು, ಮಾತು ಪೂರ್ತಿ ನಿಂತಿತು. ಅವೆರಡನ್ನೂ ಗುರುದೇವಿ ಹೇಗೋ ಸಹಿಸಿಕೊಂಡಿದ್ದಳು. ಈಗ ಅವನು ಊಟವನ್ನೂ ಬಿಟ್ಟಿದ್ದ. ಅದನ್ನು ಸಹಿಸಿಕೊಳ್ಳುವ ದಾರಿ ಅವಳಿಗೆ ಕಾಣುತ್ತಿರಲಿಲ್ಲ.

ಲಕ್ವ ಗಂಟಲನ್ನೂ ಬಿಟ್ಟಿರಲಿಲ್ಲ. ತೆಳ್ಳಗಿನದು ಏನೇ ಕುಡಿದರೂ ಅದು ಹೊಟ್ಟೆಗೆ ಇಳಿಯುವ ಬದಲು ಶ್ವಾಸಕೋಶಕ್ಕೆ ಇಳಿಯಬಹುದು, ಹಾಗಾದರೆ ನ್ಯುಮೋನಿಯ ಖಂಡಿತ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ನೀರು, ಚಹಾ, ಸಾರು ಎಲ್ಲವನ್ನೂ ಒಂದು ಬಿಳಿ ಪುಡಿ ಬೆರೆಸಿ ಗಟ್ಟಿ ಮಾಡಿಯೇ ಕೊಡಬೇಕು. ಅನ್ನ ಪಲ್ಯವೆಲ್ಲ ನುಣ್ಣಗೆ ರುಬ್ಬಿ, ಚಮಚ ಓರೆ ಮಾಡಿದರೆ ಮುದ್ದೆಯಾಗಿ ಬೀಳುವಷ್ಟು ಮಂದವಾಗಿರಬೇಕು. ಇದನ್ನೆಲ್ಲ ಕಲಿಸಲು ಫಿಯೋನಾ ಎಂಬ ಹುಡುಗಿ ಮನೆಗೆ ಬರುತ್ತಿದ್ದಳು. ಗುರುದೇವಿ ಅವಳಿಗೆ ‘ನುಂಗೋ ಡಾಕ್ಟರು’ ಎಂದು ಹೆಸರಿಟ್ಟಿದ್ದಳು. ನಾನು ಡಾಕ್ಟರಲ್ಲ, ಥೆರಪಿಸ್ಟು ಎಂದು ಫಿಯೋನಾ ತಿದ್ದಿ ತಿದ್ದಿ ಸುಮ್ಮನಾಗಿದ್ದಳು.

ಮೊದಲ ವಾರಗಳಲ್ಲಿ ವೀರಣ್ಣ ಅಷ್ಟೋ ಇಷ್ಟೋ ತಿಂದ. ಆಮೇಲೆ ಅರ್ಧ ಬಟ್ಟಲಿಗೆ ಬಂದ, ಕೊನೆಗೆ ಎರಡು ಚಮಚಕ್ಕೆ. ಈಚೆಗೆ ಕೆನ್ನೆಯ ಎಲುಬು ಎದ್ದು ಕಾಣುತ್ತಿತ್ತು. ಹೋದ ಸಲ ಬಂದಾಗ ಫಿಯೋನಾ ಗುರುದೇವಿಯನ್ನು ಅಡುಗೆಮನೆಗೆ ಕರೆದು, ಧ್ವನಿ ತಗ್ಗಿಸಿ, ಮುಂದಿನ ಗುರುವಾರದ ಹೊತ್ತಿಗೆ ಸುಧಾರಿಸದಿದ್ದರೆ ಹೊಟ್ಟೆಗೆ ಟ್ಯೂಬ್ ಹಾಕಲು ಆಸ್ಪತ್ರೆಗೆ ಬರೆಯಬೇಕಾಗುತ್ತದೆ ಎಂದಳು. ಸ್ವಲ್ಪ ತಡೆದು, ಕೆಲವರು ಒಳಗೊಳಗೇ ತೀರ್ಮಾನ ಮಾಡಿಬಿಟ್ಟಿರುತ್ತಾರೆ, ಅವರನ್ನು ಯಾರೂ ತಿನ್ನಿಸಲಾಗುವುದಿಲ್ಲ ಎಂದೂ ಸೇರಿಸಿದಳು. ಆ ಮಾತು ಗುರುದೇವಿಯ ಎದೆಯಲ್ಲಿ ನಾಟಿಕೊಂಡಿತು. ಹಾಗಾದರೆ ಈತ ಸಾಯಬೇಕೆಂದು ನಿರ್ಧರಿಸಿದ್ದಾನೆ. ಅದಕ್ಕೇ ಬಾಯಿ ಮುಚ್ಚುತ್ತಿದ್ದಾನೆ.

ಟ್ಯೂಬೆಂದರೆ ಅವಳು ಹೆದರುವುದಕ್ಕೆ ಒಂದು ಕಾರಣವಿತ್ತು. ಕೆಲವು ವರ್ಷಗಳ ಹಿಂದೆ ವಿಜಯಪುರದಲ್ಲಿ ವೀರಣ್ಣನ ಅಣ್ಣ ಮೂಗಿಗೆ ನಳಿಗೆ ಹಾಕಿಸಿಕೊಂಡು ಮಲಗಿದ್ದ. ಬಾಯಿಗೆ ಒಂದು ಅಗುಳೂ ಇಲ್ಲದೆ ತೀರಿಕೊಂಡ. ಆ ತಿಥಿ ಮುಗಿಸಿ ಲಂಡನ್ನಿಗೆ ಮರಳುವಾಗ, ವಿಮಾನದಲ್ಲಿ ಕೊಟ್ಟ ಊಟವನ್ನು ಮುಟ್ಟದೆ ಕೂತಿದ್ದ ವೀರಣ್ಣ ಹೆಂಡತಿಯ ಕೈ ಹಿಡಿದು, “ನನಗ ಇಂಥಾದ್ದೇನೂ ಹಾಕಸಬ್ಯಾಡ. ಬಾಯಿ ಇರೋ ಮಟಾ ಬಾಯಿಲೇ ತಿನಸು,” ಎಂದಿದ್ದ. ಗುರುದೇವಿ “ಆತ್ರಿ” ಎಂದಿದ್ದಳು. ಆಗ ಅದು ಬಹಳ ಸುಲಭದ ಮಾತಾಗಿ ಕಂಡಿತ್ತು.

ಅಡುಗೆಯಲ್ಲಿ ಯಾರಿಗೂ ಸೋತವಳಲ್ಲ ಗುರುದೇವಿ. ಅವಳು ತಟ್ಟಿದ ಖಡಕ್ ರೊಟ್ಟಿ ಕಿಂಗ್ಸ್‌ಬರಿಯ ಕನ್ನಡ ಮನೆಗಳಿಗಷ್ಟೇ ಅಲ್ಲ, ಪಿನ್ನರ್‌ನಲ್ಲಿರುವ ಬೆಂಗಳೂರಿನ ಸಾಫ್ಟ್‌ವೇರ್ ಸಂಸಾರಗಳಿಗೂ ಹೋಗುತ್ತಿತ್ತು. ಅವಳ ನಿಜವಾದ ಹೆಸರು ಅಲ್ಲಿ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ, ‘ರೊಟ್ಟಿ ಆಂಟಿ’ ಎಂದರೆ ಸಾಕಾಗಿತ್ತು. ಇಡೀ ವಾಯವ್ಯ ಲಂಡನ್ನಿಗೆ ಉಣ್ಣಿಸಿದ ಕೈ ಕಟ್ಟಿಕೊಂಡ ಗಂಡನಿಗೆ ಒಂದು ತುತ್ತು ಉಣ್ಣಿಸಲಾರದೆ ಹೋಯಿತಲ್ಲ ಎಂಬ ಅವಮಾನ ಒಂದು ಕಡೆಗೆ, ಭಯ ಇನ್ನೊಂದು ಕಡೆಗೆ. ಭಯವೇ ಹೆಚ್ಚಾಗಿತ್ತೆನ್ನಿ.

ಪುಡಿಯ ವಾಸನೆಗೇ ಅವನು ಬೇಸತ್ತಿರಬೇಕು ಎಂದು ಅವಳಿಗೆ ಹೊಳೆದದ್ದು ಆ ಭಾನುವಾರ. ಆ ಹಾಳು ಪುಡಿಯೇ ಬೇಡ, ತಾನೇ ಹಿಟ್ಟು ಹುರಿದು ಸಾರನ್ನು ಗಟ್ಟಿ ಮಾಡಿದರಾಯಿತು ಎಂದುಕೊಂಡಳು. ಬೇಸನ್ ಉಂಡೆಗೆ ಹುರಿಯುವ ಹಾಗೆ ತುಪ್ಪ ಕಾಯಿಸಿ ಮೈದಾ ಸುರಿದಳು. ಅಷ್ಟರಲ್ಲಿ ಒಳಗೆ ವೀರಣ್ಣ ಕೆಮ್ಮಿದ. ಓಡಿಹೋಗಿ ಬೆನ್ನು ಸವರಿ, ದಿಂಬು ಸರಿ ಮಾಡಿ ಬರುವುದರೊಳಗೆ ಬಾಣಲೆ ಕಪ್ಪು ಹೊಗೆ ಉಗುಳುತ್ತಿತ್ತು, ಸೀಲಿಂಗಿನ ಅಲಾರಂ ಕಿರುಚತೊಡಗಿತ್ತು. ಗುರುದೇವಿ ಕುರ್ಚಿ ಹತ್ತಿ ಟವೆಲ್ ಬೀಸುತ್ತಿರುವಾಗ ಯಾರೋ ಬಾಗಿಲು ಬಡಿದರು.

ಬಂದವಳು ಕೆಳಗಿನ ಫ್ಲ್ಯಾಟಿನ ಅರ್ಲೀನ್. ಅಮೆರಿಕದ ಲೂಯಿಸಿಯಾನದ ಕಪ್ಪು ಹೆಂಗಸು, ಇಂಗ್ಲಿಷ್ ಗಂಡನನ್ನು ಮದುವೆಯಾಗಿ ಬಂದು ಇಲ್ಲೇ ಮುದುಕಿಯಾದವಳು. ಆ ಗಂಡ ಹೋದ ವರ್ಷ ತೀರಿಕೊಂಡಿದ್ದ. ಇಬ್ಬರಿಗೂ ಇಷ್ಟು ವರ್ಷ ಲಿಫ್ಟಿನಲ್ಲಿ ನಕ್ಕು ಗೊತ್ತೇ ಹೊರತು ಒಬ್ಬರ ಮನೆಯೊಳಗೆ ಒಬ್ಬರು ಕಾಲಿಟ್ಟವರಲ್ಲ. ಅರ್ಲೀನ್ ಅಲಾರಂ ನಿಲ್ಲಿಸಿ, ಕಿಟಕಿ ತೆರೆದು, ಬಾಣಲೆಯೊಳಗೆ ಇಣುಕಿ ನೋಡಿದಳು.

“ರೂ ಮಾಡ್ತಾ ಇದ್ದೆಯಾ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಸಾರು ಗಟ್ಟಿ ಮಾಡಲು ಹುರಿದ ಹಿಟ್ಟಿಗೆ ಅವರು ಹೇಳುವ ಆ ಮಾತು ಗುರುದೇವಿಗೆ ಗೊತ್ತಿರಲಿಲ್ಲ. ತನ್ನ ಹರಕು ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದಳು. ಗಂಡ, ಗಂಟಲು, ಪುಡಿ, ಗುರುವಾರ, ಟ್ಯೂಬು. ಹೇಳುತ್ತ ಹೇಳುತ್ತ ಅಳು ಬಂತು. ಅಪರಿಚಿತಳ ಎದುರು ಅಳುವುದು ನಾಚಿಕೆಯೆನಿಸಿತು, ನಿಲ್ಲಿಸಲು ಮಾತ್ರ ಆಗಲಿಲ್ಲ.

ಅರ್ಲೀನ್ ಸಮಾಧಾನ ಮಾಡಲು ಹೋಗಲಿಲ್ಲ. “ನನ್ನವನೂ ಕೊನೆಗೆ ಬಾಯಿ ಮುಚ್ಚಿದ,” ಎಂದಳು. “ನನ್ನ ಗಂಬೊ ಕೊಟ್ಟಾಗ ಮಾತ್ರ ತೆರೀತಿದ್ದ. ನಾಳೆ ಬರ್ತೀನಿ. ದಪ್ಪ ತಳದ ಪಾತ್ರೆ ಇದೆಯಾ?”

ಗಂಬೊ ಎಂದರೆ ಅವರ ಸೀಮೆಯ ಮಂದವಾದ ಸಾರು ಎಂದು ಗುರುದೇವಿಗೆ ಮರುದಿನ ತಿಳಿಯಿತು. ಅದಕ್ಕೆ ಕೋಳಿ, ಸೀಗಡಿ ಹಾಕುತ್ತಾರೆ ಎಂದು ಕೇಳಿದ ಕೂಡಲೇ ಅವಳ ಮುಖ ಚಿಕ್ಕದಾಯಿತು. ಲಿಂಗ ಕಟ್ಟಿಕೊಂಡ ಮನೆ, ಇಲ್ಲಿ ಅದೆಲ್ಲ ನಡೆಯುವುದಿಲ್ಲ ಎಂದಳು. ಸೊಪ್ಪಿನದೂ ಒಂದು ಗಂಬೊ ಇದೆ, ಈಸ್ಟರಿನ ಮುಂಚಿನ ಉಪವಾಸದಲ್ಲಿ ನಮ್ಮಜ್ಜಿ ಮಾಡುತ್ತಿದ್ದಳು ಎಂದು ಅರ್ಲೀನ್ ಅಂಗಿಯ ತೋಳು ಮೇಲೇರಿಸಿದಳು. ಸೊಪ್ಪು ಎಂದ ಮೇಲೆ ಗುರುದೇವಿಗೆ ಧೈರ್ಯ ಬಂತು. ಪುಂಡಿ ಸೊಪ್ಪು, ರಾಜಗಿರಿ, ಮೆಂತ್ಯ, ಪಾಲಕ್ ಎಲ್ಲ ಕಿಂಗ್ಸ್‌ಬರಿಯ ಅಂಗಡಿಯಲ್ಲೇ ಸಿಗುತ್ತಿತ್ತು. ಬೆಂಡೆಕಾಯಿಯೂ ಬೇಕೆಂದು ಕೇಳಿ ಅವಳು ಅದನ್ನು ಅಂಗಡಿಯಿಂದ ತಂದ ಕೂಡಲೇ ತೊಳೆದು, ಒಂದೊಂದನ್ನೂ ಒರೆಸಿ, ಹೆಚ್ಚಿ, ಲೋಳೆ ಹೋಗಲೆಂದು ಬಟ್ಟೆಯ ಮೇಲೆ ಒಣಗಲು ಹರವಿಟ್ಟಿದ್ದಳು. ಅರ್ಲೀನ್ ಅದನ್ನು ನೋಡಿ ತಲೆ ಚಚ್ಚಿಕೊಂಡಳು. ಲೋಳೆಗಾಗಿಯೇ ಬೆಂಡೆಕಾಯಿ ಹಾಕುವ ಜನವೂ ಲೋಕದಲ್ಲಿದ್ದಾರೆ ಎಂದು ಗುರುದೇವಿಗೆ ಅಂದು ಗೊತ್ತಾಯಿತು.

ಎಣ್ಣೆ ಎಷ್ಟೋ ಮೈದಾನೂ ಅಷ್ಟೇ. ಸಣ್ಣ ಉರಿ. ಮರದ ಹುಟ್ಟಿನಿಂದ ತಳ ಕೆರೆಯುತ್ತ ತಿರುವುತ್ತಲೇ ಇರಬೇಕು, ಫೋನ್ ಬಂದರೂ, ಬಾಗಿಲು ಬಡಿದರೂ, ಗಂಡ ಕೆಮ್ಮಿದರೂ ಬಿಡುವಂತಿಲ್ಲ. ಒಬ್ಬಳು ತಿರುವಿದರೆ ಒಬ್ಬಳು ವೀರಣ್ಣನನ್ನು ನೋಡಿಕೊಳ್ಳುವುದು ಎಂದಾಯಿತು. ಹಿಟ್ಟು ಮೊದಲು ಬಿಳಿ ಗಂಜಿಯಾಗಿ ಗುಳ್ಳೆಯೆದ್ದಿತು, ಆಮೇಲೆ ಹುರಿದ ಶೇಂಗಾದ ಬಣ್ಣಕ್ಕೆ ತಿರುಗಿತು. ಇಲ್ಲಿಯ ತನಕ ಗುರುದೇವಿಗೆ ಗೊತ್ತಿದ್ದ ದಾರಿಯೇ. ಉಂಡೆಯ ಹದ ಬಂತೆಂದು ಅವಳು ಉರಿ ಆರಿಸಲು ಹೋದಳು. ಅರ್ಲೀನ್ ಕೈ ತಡೆದಳು. ಬಣ್ಣ ತಾಮ್ರಕ್ಕೆ ಬಂತು, ಅದನ್ನೂ ದಾಟಿತು. ಇನ್ನೊಂದು ಗಳಿಗೆಗೆ ಸೀದುಹೋಗುತ್ತದೆ ಎಂದು ಗುರುದೇವಿಯ ಮೂಗು ಹೇಳುತ್ತಿತ್ತು. ಚಾಕೊಲೇಟಿನ ಬಣ್ಣ ಬಂದಾಗ ಅರ್ಲೀನ್ ಹೆಚ್ಚಿಟ್ಟ ಈರುಳ್ಳಿ, ದೊಣ್ಣೆ ಮೆಣಸಿನಕಾಯಿ, ಸೆಲರಿಯ ದಂಟನ್ನು ಒಟ್ಟಿಗೆ ಸುರಿದಳು. ಚೊಂಯ್ ಎಂದು ಹಬೆ ಎದ್ದು ಮನೆಯೆಲ್ಲ ಘಮವೆಂದಿತು.

ಒಳಗಿನ ಕೋಣೆಯಲ್ಲಿ ವೀರಣ್ಣ ಕಿಟಕಿಯಿಂದ ಮುಖ ಈ ಕಡೆ ತಿರುಗಿಸಿದ್ದ. ಗುರುದೇವಿ ಅದನ್ನು ಬಾಗಿಲಲ್ಲಿ ನಿಂತು ನೋಡಿದಳು. ಎಷ್ಟೋ ದಿನವಾಗಿತ್ತು ಅವನು ಅಡುಗೆಮನೆಯ ಕಡೆ ನೋಡಿ.

ಸೊಪ್ಪು ಬೆಂದ ಮೇಲೆ ಅರ್ಲೀನ್ ಸೌಟಿನಲ್ಲಿ ತುಸು ತೆಗೆದು ಊದಿ ಬಾಯಿಗೆ ಹಾಕಿಕೊಂಡಳು, ಉಪ್ಪು ಹಾಕಿದಳು, ಮತ್ತೆ ನೆಕ್ಕಿದಳು, ಮತ್ತೆ ಉಪ್ಪು ಹಾಕಿದಳು. ಅರ್ಲೀನ್ ಸೌಟನ್ನು ತನ್ನತ್ತ ಹಿಡಿದಾಗ ಗುರುದೇವಿ ಎರಡು ಹೆಜ್ಜೆ ಹಿಂದೆ ಸರಿದಳು.

“ಮೊದಲು ದೇವರು,” ಎಂದಳು ಇಂಗ್ಲಿಷಿನಲ್ಲಿ. “ಆಮೇಲೆ ಗಂಡ. ಆಮೇಲೆ ನಾನು.”

“ಹಂಗಾದರೆ ರುಚಿ ಹೆಂಗೆ ಗೊತ್ತಾಗುತ್ತೆ ನಿನಗೆ?”

“ಕೈಗೆ ಗೊತ್ತಾಗುತ್ತದೆ,” ಎಂದಳು ಗುರುದೇವಿ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಎಡೆಗೆ ಮೊದಲು ನಾಲಿಗೆಗೆ ಹಚ್ಚಿದರೆ ಅಡುಗೆ ಎಂಜಲಾಯಿತು ಎಂದು ಅತ್ತೆ ಕಲಿಸಿದ್ದಳು. ಅಂದಿನಿಂದ ಇಂದಿನವರೆಗೆ ಕೈ ಅಳತೆಯಲ್ಲೇ ಎಲ್ಲ ನಡೆದಿತ್ತು. ವೀರಣ್ಣ ಲಿಂಗಕ್ಕೆ ಎಡೆ ತೋರಿಸಿ ಮೊದಲ ತುತ್ತು ತಿಂದು “ಬರೋಬರಿ ಆಗೇತಿ” ಎಂದರೆ ಅವಳ ಮುಖ ಅರಳುತ್ತಿತ್ತು, ಅಪರೂಪಕ್ಕೆ “ಚೂರು ಉಪ್ಪ ಬೇಕಿತ್ತ ನೋಡ” ಎಂದರೆ ತಟ್ಟನೆ ತಂದು ಉದುರಿಸುತ್ತಿದ್ದಳು. ಅವನು ಎದ್ದ ಮೇಲೆ ಅವಳ ಊಟ.

ರುಬ್ಬಿ, ಸೋಸಿ, ಬಟ್ಟಲಿಗೆ ಹಾಕಿ ಒಳಗೆ ಒಯ್ದಳು. ವೀರಣ್ಣ ಮೊದಲ ಚಮಚ ತೆಗೆದುಕೊಂಡ. ನುಂಗಿದ. ಆಮೇಲೆ ತಾನಾಗಿಯೇ ಬಾಯಿ ತೆರೆದ. ಗುರುದೇವಿ ಬಾಗಿಲಲ್ಲಿದ್ದ ಅರ್ಲೀನಳ ಕಡೆ ನೋಡಿದಳು, ಅರ್ಲೀನ್ ಕೊಡು ಕೊಡು ಎಂದು ಸನ್ನೆ ಮಾಡಿದಳು. ಎರಡನೆಯ ಚಮಚ ಇಳಿಯುತ್ತಿದ್ದಂತೆ ವೀರಣ್ಣನ ಕಣ್ಣು ಅಗಲವಾದವು. ಕೆಮ್ಮು ಶುರುವಾಯಿತು, ನಿಲ್ಲಲಿಲ್ಲ. ಮುಖ ಕೆಂಪಾಗಿ ಆಮೇಲೆ ನೀಲಿಗೆ ತಿರುಗಿತು. ಗುರುದೇವಿ ಅವನನ್ನು ಮುಂದಕ್ಕೆ ಬಾಗಿಸಿ ಬೆನ್ನು ಬಡಿಯುತ್ತ “ರೀ, ರೀ” ಎನ್ನುತ್ತಿದ್ದಳು. ಕೊನೆಗೆ ಉಸಿರು ಮರಳಿದಾಗ ವೀರಣ್ಣನ ಕಣ್ಣಿಂದ ನೀರು ಸುರಿಯುತ್ತಿತ್ತು, ಅವಳ ಕಣ್ಣಿಂದಲೂ.

ಬಟ್ಟಲಿನಲ್ಲಿದ್ದದ್ದನ್ನು ಅರ್ಲೀನ್ ಚಮಚದಿಂದ ಎತ್ತಿ ಓರೆ ಮಾಡಿ ನೋಡಿದಳು. ಅದು ಎಣ್ಣೆಯ ಹಾಗೆ ಸರಾಗ ಇಳಿಯಿತು. ಕೊಡುವ ಮೊದಲೇ ಹೀಗೆ ನೋಡಬೇಕೆಂಬುದು ಘಮದ ಸಂಭ್ರಮದಲ್ಲಿ ಗುರುದೇವಿಗೆ ಮರೆತೇ ಹೋಗಿತ್ತು.

“ನನಗೆ ನೆನಪಿರಬೇಕಿತ್ತು,” ಎಂದಳು ಸಣ್ಣ ಧ್ವನಿಯಲ್ಲಿ. “ಹಿಟ್ಟು ಕಪ್ಪಾದಷ್ಟೂ ರುಚಿ. ಆದರೆ ಕಪ್ಪಾದಷ್ಟೂ ಹಿಡಿಯುವ ಶಕ್ತಿ ಹೋಗಿಬಿಡುತ್ತೆ. ಬಿಳಿ ಇದ್ದಾಗ ಎಷ್ಟು ಗಟ್ಟಿ ಮಾಡುತ್ತೋ, ಕಪ್ಪಾದಾಗ ಅದರ ಅರ್ಧಾನೂ ಮಾಡಲ್ಲ.”

ಆ ಸಂಜೆ ಸೌಂದರ್ಯಾ ಕ್ಯಾನರಿ ವಾರ್ಫಿನ ಆಫೀಸಿನಿಂದ ನೇರವಾಗಿ ಬಂದಳು. ಒಬ್ಬಳೇ ಮಗಳು, ಇಲ್ಲೇ ಹುಟ್ಟಿದವಳು. ಕೋಟು ಕೂಡ ತೆಗೆಯದೆ ಅಪ್ಪನ ಕಾಲ ಬಳಿ ಕೂತು ಅವನ ಬಿದ್ದ ಕೈಯನ್ನು ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ಎದ್ದು ಅಡುಗೆಮನೆಗೆ ಬಂದಳು.

“ಅವ್ವಾ, ಯು ಕುಡ್ ಹ್ಯಾವ್ ಕಿಲ್ಡ್ ಹಿಮ್. ಗೊತ್ತದ ಏನ ನಿನಗ?”

“ಗೊತ್ತದ.”

“ಟ್ಯೂಬ್ ಹಾಕ್ಸೋಣು. ಪ್ಲೀಸ್. ಇಟ್ಸ್ ನಾಟ್ ದ ಎಂಡ್, ಫಿಯೋನಾ ಸೆಡ್ ಸೋ. ಹೊಟ್ಟಿ ತುಂಬ್ತದ, ಅಪ್ಪ ಬದಕ್ತಾನ.”

“ಬ್ಯಾಡ ಅಂದಾರವ್ವ ಅವರು. ನನ್ನ ಕೈ ಹಿಡದ ಹೇಳ್ಯಾರ.”

“ಆಗ ಅವ್ರಿಗೇನ್ ಗೊತ್ತಿತ್ತು? ನೀನು ಪ್ರಾಮಿಸ್ ಇಟ್ಕೊಂಡ ಕೂಡು. ಐ ಜಸ್ಟ್ ವಾಂಟ್ ಮೈ ಡ್ಯಾಡ್.”

ಮಗಳು ಹೇಳಿದ್ದರಲ್ಲಿ ತಪ್ಪೇನಿತ್ತು? ಕೊಟ್ಟ ಮಾತು ಉಳಿಸಿಕೊಳ್ಳಲು ಹೋಗಿ ಮನುಷ್ಯನನ್ನೇ ಕಳೆದುಕೊಳ್ಳುವುದೇ? ಮಾತು ಮುರಿದರೆ, ಆ ಕಣ್ಣುಗಳನ್ನು ದಿನವೂ ಹೇಗೆ ಎದುರಿಸುವುದು? ಗುರುದೇವಿ ಸಿಂಕಿನ ಮುಂದೆ ನಿಂತು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಕೊನೆಗೆ, “ಗುರುವಾರ ಮಟಾ ಬಿಡು,” ಎಂದಳು. “ಅವತ್ತೂ ತಿನ್ಲಿಲ್ಲಂದ್ರ ನೀ ಹೇಳಿದಂಗ ಆಗ್ಲಿ.”

ಕೆಮ್ಮು ಬಂದ ದಿನದಿಂದ ವೀರಣ್ಣ ಇನ್ನಷ್ಟು ಬಿಗಿಯಾದ. ಪುಡಿ ಬೆರೆಸಿದ ನೀರನ್ನು ಮಾತ್ರ, ಅದೂ ಒತ್ತಾಯಕ್ಕೆ, ಕೆಲವು ಚಮಚ ಕುಡಿಯುತ್ತಿದ್ದ. ಊಟದ ಚಮಚ ಕಂಡರೆ ಎಡಗೈ ಮೇಲೇಳುತ್ತಿತ್ತು. ಗುರುದೇವಿಯೂ ಅನ್ನ ಬಿಟ್ಟಿದ್ದಳು. ಅವನು ತಿನ್ನದೆ ತಾನು ತಿನ್ನುವುದಾದರೂ ಹೇಗೆ? ರಾತ್ರಿಯ ತಂಗಳು ರೊಟ್ಟಿಯ ಚೂರನ್ನು ಚಹಾದಲ್ಲಿ ಅದ್ದಿ ನಿಂತಲ್ಲೇ ಬಾಯಿಗೆ ಹಾಕಿಕೊಳ್ಳುತ್ತಿದ್ದಳು, ಅಷ್ಟೇ. ಪೂಜೆಗೆ ಕೂತರೆ ಬೇಡಿಕೊಳ್ಳಲು ಮಾತು ಹೊಳೆಯುತ್ತಿರಲಿಲ್ಲ. ಬಾಯಿ ತೆರೆಸು ಎಂದು ಬೇಡಿಕೊಳ್ಳುವ ಪರಿಸ್ಥಿತಿ ಯಾವ ಹೆಂಡತಿಗೂ ಬರಬಾರದು.

ಬಿಳಿ ಹಿಟ್ಟು ಗಟ್ಟಿ ಮಾಡುತ್ತದೆ, ಕಪ್ಪು ಹಿಟ್ಟು ರುಚಿ ಕೊಡುತ್ತದೆ. ಹಾಗಾದರೆ ಎರಡನ್ನೂ ಮಾಡಿದರೇನು? ಈ ಯೋಚನೆ ಬಂದಾಗ ಗುರುದೇವಿ ಕೆಳಗೆ ಹೋಗಿ ಅರ್ಲೀನಳನ್ನು ಕೇಳಿದಳು. ಅರ್ಲೀನ್ ಯೋಚಿಸಿ, ನಮ್ಮಲ್ಲಿ ಯಾರೂ ಹಾಗೆ ಮಾಡುವುದಿಲ್ಲ, ಆದರೆ ಮಾಡಬಾರದು ಅಂತೇನೂ ಇಲ್ಲ ಎಂದಳು. ಗುರುವಾರ ಅವಳಿಗೆ ಆಸ್ಪತ್ರೆಗೆ ಹೋಗುವುದಿತ್ತು, ಬರಲಾಗುತ್ತಿರಲಿಲ್ಲ. ಬಾಗಿಲ ತನಕ ಬಂದು ಗುರುದೇವಿಯ ಭುಜ ಹಿಡಿದು, “ಬೆಂಡೆಕಾಯಿ ಒಣಗಿಸಬೇಡ,” ಎಂದಳು.

ಗುರುವಾರ ಬೆಳಿಗ್ಗೆ ಗುರುದೇವಿ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಒಲೆಯ ಮುಂದೆ ನಿಂತಳು. ಸೌಂದರ್ಯಾ ರಜೆ ಹಾಕಿ ಬಂದಿದ್ದಳು, ಅಪ್ಪನನ್ನು ಅವಳಿಗೆ ಒಪ್ಪಿಸಿದ್ದಾಗಿತ್ತು. ಮೊದಲು ಕಪ್ಪು ಹಿಟ್ಟು. ತಿರುವಿದಳು, ತಿರುವಿದಳು, ರಟ್ಟೆ ಬಿದ್ದುಹೋಗುವಂತಾದರೂ ಹುಟ್ಟು ಬಿಡಲಿಲ್ಲ. ಒಂದು ಸಲ ಕರಿ ಚುಕ್ಕೆ ಕಂಡಿತು. ಚುಕ್ಕೆ ಕಂಡರೆ ಸೀದಂತೆ, ಪೂರ್ತಿ ಚೆಲ್ಲಬೇಕೆಂದು ಅರ್ಲೀನ್ ಹೇಳಿದ್ದಳು. ಚೆಲ್ಲಿ ಮತ್ತೆ ಎಣ್ಣೆ ಇಟ್ಟಳು. ಎರಡನೆಯ ಸಲ ಬಂತು, ಅದೇ ಬಣ್ಣ, ಅದೇ ಘಮ. ಅದನ್ನು ಪಕ್ಕಕ್ಕಿಟ್ಟು ಬಿಳಿ ಹಿಟ್ಟು ಮಾಡಿದಳು, ಹಸಿ ವಾಸನೆ ಹೋಗುವಷ್ಟೇ ಹುರಿದು ಇಳಿಸಿದಳು. ಸೊಪ್ಪು, ಲೋಳೆಲೋಳೆ ಬೆಂಡೆಕಾಯಿ, ಒಂದಿಷ್ಟು ಬೆಳ್ಳುಳ್ಳಿ, ಜೀರಿಗೆ. ಬಿ.ಪಿ. ಇದೆ, ಉಪ್ಪು ಕಡಿಮೆ ಮಾಡಿ ಎಂದು ಲಕ್ವದ ಮೊದಲ ದಿನಗಳಲ್ಲೇ ನರ್ಸು ಹೇಳಿದ್ದರಿಂದ ಆಗಿನಿಂದ ಮೂರು ಬೆರಳಿನ ಬದಲು ಎರಡು ಬೆರಳ ಚಿಟಿಕೆಗೆ ಬಂದಿದ್ದಳು. ಅಷ್ಟನ್ನೇ ಹಾಕಿದಳು. ರುಬ್ಬಿ, ಸೋಸಿ, ಚಮಚದಿಂದ ಎತ್ತಿ ಓರೆ ಮಾಡಿದಳು. ಪೊತ್ತೆಂದು ಮುದ್ದೆಯಾಗಿ ಬಿತ್ತು. ಅವಳ ಕಣ್ಣು ಮಂಜಾದವು.

ಫಿಯೋನಾ ಬಂದಳು. ಬಟ್ಟಲನ್ನು ನೋಡಿ, ಚಮಚ ಓರೆ ಮಾಡಿ, ಫೋರ್ಕಿನ ಮೇಲೆ ಎತ್ತಿ ಕೆಳಗಿಳಿಯುತ್ತದೆಯೋ ಎಂದು ಕಾದು, “ಸರಿಯಾಗಿದೆ,” ಎಂದಳು. ತೀರಾ ತಣ್ಣಗಾಗುವ ಮೊದಲು ಕೊಡಿ ಎಂದಳು. ವೀರಣ್ಣನನ್ನು ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ ಕೊರಳಿಗೆ ಟವೆಲ್ ಕಟ್ಟಿದರು. ಗುರುದೇವಿ ಬಟ್ಟಲನ್ನು ಅವನ ಎದೆಯ ಮೇಲಿನ ಲಿಂಗಕ್ಕೆ ತೋರಿಸಿ, ಕಣ್ಣಿಗೊತ್ತಿಕೊಂಡು, ಚಮಚ ಎತ್ತಿದಳು.

ವೀರಣ್ಣ ಮೂಗು ಅರಳಿಸಿದ, ಬಾಯಿ ತೆರೆದ. ಚಮಚ ಒಳಗೆ ಹೋಯಿತು. ಫಿಯೋನಾ ಎರಡು ಬೆರಳನ್ನು ಅವನ ಗಂಟಲ ಮೇಲಿಟ್ಟು ಕಾದಳು. ಇಳಿಯಿತು. ಕೆಮ್ಮು ಬರಲಿಲ್ಲ. ಸೌಂದರ್ಯಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

ಎರಡನೆಯ ಚಮಚ ತುಟಿಗೆ ತಾಗುತ್ತಿದ್ದಂತೆ ವೀರಣ್ಣ ಬಾಯಿ ಮುಚ್ಚಿದ.

“ರೀ,” ಎಂದಳು ಗುರುದೇವಿ. “ಈಗಷ್ಟ ತಿಂದ್ರಲ್ರಿ. ಇಳೀತಲ್ರಿ. ಇನ್ನೊಂದ ತಗೋರಿ.”

ಅವನು ಎಡಗೈಯಿಂದ ಚಮಚ ದಬ್ಬಿದ. ಅವಳು ಮತ್ತೆ ತಂದಳು, ಅವನು ಮತ್ತೆ ದಬ್ಬಿದ. ಫಿಯೋನಾ ಮೆಲ್ಲಗೆ ಉಸಿರು ಬಿಟ್ಟು ತನ್ನ ಬ್ಯಾಗಿನ ಕಡೆ ನೋಡಿದಳು. ಗುರುದೇವಿಯ ಸಹನೆಯ ಕಟ್ಟೆ ಒಡೆಯಿತು.

“ಸಾಯ್ಬೇಕಂತ ಮಾಡೀರೇನ ನೀವು? ಹಂಗಿದ್ರ ನನ್ನ ಕಡೆ ನೋಡಿ ಹೇಳ್ರಿ. ಬಾಯಿ ಇಲ್ಲಂದ್ರ ಕಣ್ಣಿಲೇ ಹೇಳ್ರಿ. ನಾ ಏನ್ ಕಡಿಮಿ ಮಾಡೀನಿ ನಿಮಗ?”

ವೀರಣ್ಣ ಅವಳ ಕಡೆ ನೋಡಿದ. ಆಮೇಲೆ ಎಡಗೈಯಿಂದ ಅವಳ ಮಣಿಕಟ್ಟನ್ನು ಹಿಡಿದ. ಬಸ್ಸಿನ ಬೋಲ್ಟು ಬಿಗಿದ ಕೈ, ಒಂದೇ ಉಳಿದಿದ್ದರೂ ಹಿಡಿತ ಇನ್ನೂ ಇತ್ತು. ಹಿಡಿದ ಕೈಯನ್ನು ಚಮಚದ ಸಮೇತ ತಿರುಗಿಸಿ ಅವಳ ಬಾಯಿಗೇ ಒಯ್ದ. ಅರ್ಧ ಅವಳ ಗಲ್ಲದ ಮೇಲೆ ಚೆಲ್ಲಿತು.

“ನೀವು ತಿನ್ನಬೇಕಂತೆ,” ಎಂದಳು ಫಿಯೋನಾ.

“ನಾನು ಆಮೇಲೆ,” ಎಂದು ಗುರುದೇವಿ ಅಭ್ಯಾಸಬಲದಿಂದ ಹೇಳಿದಳು. ವೀರಣ್ಣ ಕೈ ಬಿಡಲಿಲ್ಲ. ಚಮಚ ಅವಳ ತುಟಿಗೆ ಒತ್ತುತ್ತಿತ್ತು.

“ಅವ್ವಾ,” ಎಂದಳು ಸೌಂದರ್ಯಾ. “ಜಸ್ಟ್ ಈಟ್ ಇಟ್.”

ಗುರುದೇವಿ ಬಾಯಿ ತೆರೆದಳು.

ನಾಲಿಗೆಗೆ ಯಾವ ರುಚಿಯೂ ಹತ್ತಲಿಲ್ಲ. ಮೂಗಿಗೆ ಅಷ್ಟೊಂದು ಘಮ ಕೊಡುತ್ತಿದ್ದದ್ದು ಬಾಯೊಳಗೆ ಗೋಡೆಗೆ ಕಾಗದ ಹಚ್ಚುವ ಹಿಟ್ಟಿನ ಅಂಟಿನಂತಿತ್ತು. ಉಪ್ಪು ಇಲ್ಲ, ಹುಳಿ ಇಲ್ಲ, ಪುಂಡಿ ಸೊಪ್ಪಿನ ಗುರುತೇ ಇಲ್ಲ. ಹಿಟ್ಟು ಎಲ್ಲವನ್ನೂ ನುಂಗಿ ಕೂತಿತ್ತು. ತೆಳ್ಳಗಿನ ಸಾರಿಗೆ ಸಾಲುವ ಉಪ್ಪು ಈ ಗಟ್ಟಿಗೆ ಎಲ್ಲಿಯೂ ಸಾಲುವುದಿಲ್ಲ, ಅದರಲ್ಲೂ ಅವಳು ಕಡಿಮೆ ಮಾಡಿದ್ದಳು. ಹಾಗಾದರೆ ಪುಡಿ ಬೆರೆಸಿದ ಬೇಳೆ? ರುಬ್ಬಿದ ಅನ್ನ? ಇಷ್ಟು ದಿನ ಈ ಕೈಯಿಂದ ಕೊಟ್ಟದ್ದೆಲ್ಲ ಇದೇನಾ? ಅದರಲ್ಲಿ ಒಂದು ಚಮಚವನ್ನೂ ಅವಳು ಬಾಯಿಗೆ ಹಾಕಿಕೊಂಡು ನೋಡಿರಲಿಲ್ಲ. ಉಪ್ಪು ಸಾಲದು ಎಂದು ಹೇಳುವವನ ಮಾತು ನಿಂತು ಎರಡು ತಿಂಗಳಾಗಿತ್ತು, ಅವನು ಕೈಯಿಂದ ದಬ್ಬಿ ದಬ್ಬಿ ಹೇಳುತ್ತಿದ್ದದ್ದು ಅವಳಿಗೆ ಕೇಳಿರಲಿಲ್ಲ.

ಅವಳು ಎದ್ದು ಅಡುಗೆಮನೆಗೆ ಓಡಿದಳು. ಉಪ್ಪಿನ ಡಬ್ಬಿ, ನಿಂಬೆಹಣ್ಣು ತಂದು ಗಂಡನ ಎದುರಿಗೇ ಕೂತಳು. “ಸ್ವಲ್ಪ ಹಾಕಬಹುದಾ?” ಎಂದು ಫಿಯೋನಾಳನ್ನು ಕೇಳಿದಳು. ಅವನು ಏನೂ ತಿನ್ನದೇ ಇರುವುದಕ್ಕಿಂತ ಅದು ವಾಸಿ, ನಿಂಬೆಯ ರಸ ಮಾತ್ರ ಹೆಚ್ಚಾಗಿ ತೆಳ್ಳಗಾಗದ ಹಾಗೆ ನೋಡಿಕೊಳ್ಳಿ ಎಂದಳು ಫಿಯೋನಾ. ಗುರುದೇವಿ ಉಪ್ಪು ಹಾಕಿ ಕಲಸಿ ಬಾಯಿಗೆ ಹಾಕಿಕೊಂಡಳು. ಸಾಲದು. ಮತ್ತೆ ಹಾಕಿ ಮತ್ತೆ ತಿಂದಳು. ಎರಡು ಹನಿ ನಿಂಬೆ ಹಿಂಡಿದಳು. ಮೂರನೆಯ ಸಲ ಪುಂಡಿಯ ಹುಳಿ ನಾಲಿಗೆಯ ಅಂಚಿನಲ್ಲಿ ಎದ್ದಿತು, ಅದರ ಹಿಂದೆ ಹುರಿದ ಹಿಟ್ಟಿನ ಕಮ್ಮನೆಯ ರುಚಿ. ಅದೇ ಚಮಚ, ಅವಳ ಎಂಜಲು ಚಮಚ, ಅವಳು ಒರೆಸಲೂ ಇಲ್ಲ. ತುಂಬಿ ಅವನ ಬಾಯಿಯ ಹತ್ತಿರ ಹಿಡಿದಳು.

ವೀರಣ್ಣ ತೆರೆದ. ಫಿಯೋನಾಳ ಬೆರಳು ಗಂಟಲ ಮೇಲಿತ್ತು. ಇಳಿಯಿತು. ಮತ್ತೆ ತೆರೆದ. ಗುರುದೇವಿ ಅವಸರ ಮಾಡಲಿಲ್ಲ, ಒಂದು ಇಳಿದ ಮೇಲೇ ಇನ್ನೊಂದು. ನಡುನಡುವೆ ತಾನೂ ನೆಕ್ಕಿ ನೋಡಿದಳು. ಸೌಂದರ್ಯಾ ನೆಲದ ಮೇಲೆ ಕೂತು ಸದ್ದಿಲ್ಲದೆ ಅಳುತ್ತಿದ್ದಳು. ಟ್ಯೂಬಿಗೆ ಈಗಲೇ ಬರೆಯುವುದಿಲ್ಲ, ಎರಡು ವಾರ ಬಿಟ್ಟು ತೂಕ ನೋಡೋಣ, ಕೆಮ್ಮು ಬಂದರೆ ಆ ಕ್ಷಣವೇ ಫೋನ್ ಮಾಡಿ ಎಂದು ಫಿಯೋನಾ ಹೇಳಿದ್ದು ಗುರುದೇವಿಯ ಕಿವಿಗೆ ಎಲ್ಲೋ ದೂರದಿಂದ ಬಿತ್ತು.

“ನಾ ನಿಮಗ ಇಷ್ಟ ದಿನ ಗ್ವಾಡಿಗೆ ಹಚ್ಚೋ ಅಂಟ ತಿನ್ನಿಸಿದೆ,” ಎಂದಳು ಗಂಡನಿಗೆ. “ಮ್ಯಾಲ ನೀವ ಸಾಯಾಕ ಹೊಂಟೀರಿ ಅಂದ್ಕೊಂಡೆ.”

ಬಟ್ಟಲು ಖಾಲಿಯಾಗಿತ್ತು. ಗುರುದೇವಿ ಚಮಚವನ್ನು ಅದರೊಳಗಿಟ್ಟು, ಟವೆಲ್ಲಿನಿಂದ ಅವನ ತುಟಿ ಒರೆಸಲು ಹೋದಳು. ವೀರಣ್ಣ ಅವಳ ಕೈಯನ್ನು ಪಕ್ಕಕ್ಕೆ ಸರಿಸಿದ. ಎಡಗೈಯಲ್ಲಿ ಖಾಲಿ ಬಟ್ಟಲನ್ನು ಹಿಡಿದು, ಹಸಿದ ಹುಡುಗರು ಮಾಡುವ ಹಾಗೆ, ಕುರ್ಚಿಯ ಕೈಗೆ ಕುಟ್ಟತೊಡಗಿದ.